ತಳ ಕೂಡದ ನೀರು

ಈ ಹೊತ್ತು ಮುಂಜಾನೆ ಸವದತ್ತಿಯ ನಮ್ಮ ಮನೆಯ ನಲ್ಲಿಗೆ ಕೆಂಪು ನೀರು ಬಂತು. ಮೇಲೆ ಎಲ್ಲೋ ಜೋರು ಮಳೆಯಾಗಿದೆ ಅಂತ ಅರ್ಥ. ತಾಮ್ರದ ಕೊಡ ತುಂಬಿಸಿ, ಪಟಿಕದ ಹರಳನ್ನು ಒಳಗೆ ನಾಲ್ಕು ಸುತ್ತು ತಿರುಗಿಸುತ್ತಿದ್ದೆ. ಪರೀಕ್ಷೆಗೆ ಓದುತ್ತಿದ್ದ ಮಗಳು ಪಡಸಾಲೆಯಿಂದ ಕೇಳಿದಳು: "ಅವ್ವಾ, ಟರ್ಬಿಡ್ ಅಂದ್ರ ಏನ?"

ನನ್ನ ಇಂಗ್ಲಿಷು ನಮ್ಮ ನಲ್ಲಿಯ ಹಾಗೆ, ಬಂದ ದಿನ ಬರುತ್ತದೆ. ಆದರೂ ಇದೊಂದು ಗೊತ್ತಿತ್ತು. "ರಾಡಿ ನೀರಿಗೆ ಹಂಗ ಅಂತಾರ," ಎಂದೆ. ಹೇಳಿದ ಮೇಲೆ ಏನೋ ತಪ್ಪಿದ ಹಾಗಾಯಿತು. ಎಮ್ಮೆ ಬಿದ್ದೆದ್ದ ಹೊಂಡವೂ ರಾಡಿ, ನನ್ನ ಕೊಡದ ನೀರೂ ರಾಡಿಯೇ? ಬೆರಳಿನ ಪಟಿಕದ ಒಗರು ತುಟಿಗೆ ತಾಗಿತು ನೋಡಿ, ನಾದಿನಿಯ ನೆನಪಾಯಿತು.

ಬೈಲಹೊಂಗಲದ ಬಾವಿ ನೀರು ಕುಡಿದು ಬೆಳೆದ ನಾನು ಮದುವೆಯಾಗಿ ಬಂದದ್ದು ಮಲಪ್ರಭೆಯ ದಂಡೆಯ ಹಳ್ಳಿಗೆ. ಅಲ್ಲಿ ಹೊಸ ನೀರು ಬಂದರೆ ಹೊಳೆಗೆ ಅರಿಷಿಣ ಕುಂಕುಮ ಏರಿಸುವುದು, ಅದೇ ನೀರನ್ನು ಕೊಡದಲ್ಲಿ ತಂದು, ಪಟಿಕ ತಿರುಗಿಸಿ, ಮಣ್ಣು ತಳ ಕೂಡುವವರೆಗೆ ಮುಟ್ಟದೆ ಇಡುವುದು ರೂಢಿ. ಅಂಥದೇ ಒಂದು ದಿನ ನಾದಿನಿಯನ್ನು ನೋಡಲು ರಾಮದುರ್ಗದ ಕಡೆಯವರು ಬರುವವರಿದ್ದರು. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡಬೇಕಲ್ಲ. ಹುಡುಗನನ್ನು ಅವಳು ಯಾರದೋ ಮದುವೆಯಲ್ಲಿ ನೋಡಿ ಮೆಚ್ಚಿದ್ದಳು. ಈ ಸಂಬಂಧ ತಪ್ಪಿದರೆ ಊಟ ಬಿಡುವುದೊಂದೇ ಬಾಕಿ.

"ತಿಳಿ ಆತೇನ್ ವೈನಿ?" ಎನ್ನುವುದು, ಮುಚ್ಚಳ ತೆಗೆಯುವುದು, ತಂಬಿಗೆ ಅದ್ದಿ ನೋಡುವುದು. ಅದ್ದಿದಾಗಲೆಲ್ಲ ತಳದ ಕೆಂಪು ಮೇಲೆ.

"ಕೈ ತಗಿಯವಾ," ಎಂದರು ಅತ್ತೆ. "ನೀ ಹಣಿಕಿ ಹಾಕಿದಷ್ಟೂ ಅದು ನಾಚಿ ಕೆಂಪಾಗತೈತಿ."

ಬೀಗರಾಗಬೇಕಾದವರು ಬಂದೇಬಿಟ್ಟರು. ಕೊಟ್ಟ ತಂಬಿಗೆಯಲ್ಲಿ ನೀರು ಹಾಲು ಹಾಕಿದ ಚಹಾದಂತಿತ್ತು. ಅತ್ತೆಯ ಮುಖ ಸಣ್ಣದಾಯಿತು. ಹುಡುಗನ ತಂದೆ ತಂಬಿಗೆಯನ್ನೂ ನಾದಿನಿಯನ್ನೂ ನೋಡಿದರು.

"ಎಷ್ಟ ಸಲ ಕಲಕೀದಿ ತಂಗಿ?"

"ಎಣಿಸಿಲ್ರಿ," ಎಂದಳು, ತಲೆ ತಗ್ಗಿಸಿ.

ಅವರು ನಕ್ಕು ತಂಬಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟರು. "ಇರ್ಲಿ ಬಿಡ್ರಿ. ನಮ್ಮೂರಾಗೂ ಹೊಳಿ ಹಿಂಗ ಐತಿ. ಇದು ತಿಳಿ ಆಗೂತನಾ ಕುಂಡ್ರತೇವಿ, ನಮಗೇನ್ ಅವಸರ."

ಕುಳಿತರು. ಮಾತು ಬಿತ್ತನೆಯಿಂದ ಹೂಲಿಯ ಹಳೆಯ ಗುಡಿಗಳಿಗೆ, ಅಲ್ಲಿಂದ ಯಾರದೋ ಮೊಣಕಾಲು ನೋವಿಗೆ, ಕೊನೆಗೆ ಹೇಗೋ ಮುಹೂರ್ತಕ್ಕೆ ಬಂತು. ಮತ್ತೆ ತಂಬಿಗೆ ಎತ್ತಿದಾಗ ತಳದಲ್ಲಿ ತೆಳ್ಳಗೆ ಕೆಂಪು, ಮೇಲೆಲ್ಲ ಕನ್ನಡಿ. ಬಾಯಿಗೆ ಬೆಲ್ಲ ಹಾಕಿಕೊಂಡು, ಅಲುಗಿಸದೆ, ಮೇಲಿನ ನೀರಷ್ಟನ್ನೇ ಕುಡಿದರು. ನಾದಿನಿ ಬಾಗಿಲ ಹಿಂದೆ ನನ್ನ ಕೈ ಹಿಂಡಿದ್ದು ಇನ್ನೂ ನೋಯುತ್ತದೆ.

ಮಗಳ ಹತ್ತಿರ ಹೋಗಿ ಹೇಳಿದೆ: "ರಾಡಿ ಅಂತ ಬರೀಬ್ಯಾಡ. ಇನ್ನೂ ತಳ ಕೂಡದ ನೀರು ಅಂತ ಬರಿ."

"ತಳ ಕೂಡಾಕ ಎಷ್ಟೊತ್ತು ಬೇಕ?"

"ನಿಮ್ಮತ್ತಿ ಲಗ್ನ ಗಟ್ಟಿ ಆಗೂವಷ್ಟು."

ಅಡಿಗೆಮನೆಗೆ ಬಂದರೆ ನನ್ನ ಕೈ ತಾನಾಗಿಯೇ ಕೊಡದ ಮುಚ್ಚಳಕ್ಕೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು, ಪಕ್ಕದಲ್ಲೇ ಮಣೆ ಹಾಕಿ ಕುಳಿತೆ.