ಹತ್ತಿದಷ್ಟೂ ತುಂಬದ ವ್ಯಾನು

ಇಂಗ್ಲೆಂಡಿನ ನಮ್ಮ ಸೊಲಿಹಲ್‌ನಲ್ಲಿ ಬಸ್ಸು ಖಾಲಿಯಿದ್ದರೂ ಹೊತ್ತಿಗೆ ಹೊರಡುತ್ತದೆ. ಈ ನೈರೋಬಿಯಲ್ಲಿ ಮಟಾಟು ಎಂಬ ವ್ಯಾನು ತುಂಬದೆ ಕದಲುವುದಿಲ್ಲ. ಎರಡೇ ಸೀಟು ಉಳಿದಿದ್ದ ವ್ಯಾನು ನೋಡಿ ನಾನೂ ಒಬ್ಬ ಅಜ್ಜಿಯೂ ಹತ್ತಿದೆವು. ಅವರ ಗಂಡ ಆಸ್ಪತ್ರೆಯಲ್ಲಿದ್ದಾರೆ. ಊಟದ ಹೊತ್ತು ಮುಗಿದರೆ ನೋಡಲು ಬಿಡುವುದಿಲ್ಲವಂತೆ.

ನಾವು ಕೂರುತ್ತಿದ್ದಂತೆ ಇಬ್ಬರು ಇಳಿದುಹೋದರು; ವ್ಯಾನು ಹೊರಡಲಿಲ್ಲ. ಆಮೇಲೂ ಹೊಸಬರೊಬ್ಬರು ಹತ್ತಿದರೆ ಮೊದಲಿಂದ ಕೂತಿದ್ದವರೊಬ್ಬರು ಇಳಿದುಹೋಗುತ್ತಿದ್ದರು.

"ಯಾಕಪ್ಪಾ ಇಳೀತೀಯ?" ಅಜ್ಜಿ ಒಬ್ಬನನ್ನು ಕೇಳಿದರು.

"ನಾವು ಪ್ಯಾಸೆಂಜರ್ ಅಲ್ಲಮ್ಮಾ. ವ್ಯಾನು ತುಂಬಿದ ಹಾಗೆ ಕಾಣ್ಲಿ ಅಂತ ಕೂರ್ಸಿರ್ತಾರೆ," ಎಂದು ನನಗೂ ತಿಳಿಯುವಂತೆ ಇಂಗ್ಲಿಷಿನಲ್ಲೇ ಹೇಳಿ, ಅವನು ಹಿಂದಿನ ವ್ಯಾನಿನಲ್ಲಿ ಹೋಗಿ ಕೂತ.

ಊಟದ ಹೊತ್ತು ಮೀರಿತು. ವ್ಯಾನಿನಲ್ಲಿ ಇನ್ನೂ ಎರಡು ಸೀಟು ಖಾಲಿ. ಅಜ್ಜಿ ಮೆಲ್ಲಗೆ ನನ್ನ ತೋಳು ಹಿಡಿದರು.

"ನೀವಾದ್ರೂ ನಿಜವಾಗ್ಲೂ ಹೋಗೋರು ತಾನೇ?"