ತಂಗಿಯ ಮೆದುಳಿನ ಗಡ್ಡೆಗೆ ಅಕ್ಕ ಹುಡುಕಿದ ಕಾರಣ

ಕೋವಿಡ್ ಅಬ್ಬರ ಇಳಿದ ಮರುವರ್ಷ ನಾನು ಕಡೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಜಿಷಿಯನ್ ಆಗಿದ್ದೆ. ಒಂದು ಬೆಳಗ್ಗೆ ಅಜ್ಜಂಪುರದ ಗಿರಿಜಮ್ಮ ತಮ್ಮ ತಂಗಿ ಸುಜಾತಾಳನ್ನು ಕರೆತಂದರು. ಸುಜಾತಾಗೆ ನಲವತ್ತರ ಆಸುಪಾಸು. ರವಿಕೆ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಏಳುತ್ತಲೇ ತಲೆನೋವು, ವಾಂತಿ ಎಂದಳು.

“ಅಷ್ಟೇ ಅಲ್ಲ ಸಾರ್,” ಎಂದರು ಅಕ್ಕ. “ಮೊನ್ನೆ ರವಿಕೆಗೆ ಎರಡು ತೋಳೂ ಒಂದೇ ಕಡೆಗೆ ಹೊಲ್ದವ್ಳೆ. ಕೇಳಿದ್ರೆ, ಸರಿಯಾಗೇ ಐತಲ್ಲಕ್ಕಾ ಅಂತಾಳೆ.”

ತಕ್ಷಣ ಎಂಆರ್‌ಐಗೆ ಬರೆದುಕೊಟ್ಟೆ. ಮೆದುಳಿನ ಬಲಭಾಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅದು ಗ್ಲಿಯೊಬ್ಲಾಸ್ಟೋಮಾ, ಮೆದುಳಿನ ಕ್ಯಾನ್ಸರ್‌ಗಳಲ್ಲೇ ಬಲು ಕ್ರೂರವಾದದ್ದು. ತೆಗೆದ ಗಡ್ಡೆಯ ಜೀನ್ ಪರೀಕ್ಷೆಯ ವರದಿ ಹಿಡಿದು ಗಿರಿಜಮ್ಮ ಒಬ್ಬರೇ ಬಂದರು.

ಜೀವಕೋಶದ ಮೈಮೇಲೆ ಇಜಿಎಫ್‌ಆರ್ ಎಂಬ ಪ್ರೋಟೀನ್ ಇರುತ್ತದೆ. ಹೊರಗಿನಿಂದ ಸರಿಯಾದ ರಾಸಾಯನಿಕ ಬಂದು ಅಂಟಿದಾಗ ಮಾತ್ರ ಅದು ಒಳಗೆ ‘ಬೆಳೆ’ ಎಂಬ ಸಂಕೇತ ಕಳಿಸಬೇಕು. ಸುಜಾತಾಳ ಗಡ್ಡೆಯಲ್ಲಿ ಆ ಪ್ರೋಟೀನನ್ನು ತಯಾರಿಸುವ ಜೀನ್ ಕೆಟ್ಟು, ಯಾವುದೂ ಅಂಟದಿದ್ದರೂ ಸಂಕೇತ ಹೋಗುತ್ತಲೇ ಇತ್ತು. ಅದನ್ನು ತಡೆಯಬೇಕಾದ ಇನ್ನೊಂದು ಜೀನೂ ಕೆಲಸ ನಿಲ್ಲಿಸಿತ್ತು.

ಇಷ್ಟು ವಿವರಿಸಿದ ಮೇಲೆ ಗಿರಿಜಮ್ಮ ಕೇಳಿದರು: “ಅವ್ಳು ಚಿಕ್ಕೋಳಿದ್ದಾಗ ನಾನೇ ಜಗಲಿಯಿಂದ ತಳ್ಳಿದ್ದೆ ಸಾರ್, ತಲೆ ಒಡೆದಿತ್ತು. ಅದ್ರಿಂದ್ಲೇ ಅಲ್ವಾ?”

“ಅಲ್ಲಮ್ಮ. ಇದರಲ್ಲಿ ಯಾರ ತಪ್ಪೂ ಇಲ್ಲ.”

ಅವರ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. “ಹಂಗಾದ್ರೆ ಯಾರ್ನ ಬೈಲಿ?” ಎಂದರು. ವರದಿಯ ಮೇಲೆ ಬೆರಳಿಟ್ಟು ಮತ್ತೆ ಕೇಳಿದರು: “ಕೆಟ್ಟಿರೋದು ಏನು ಅಂತ ಗೊತ್ತಾಯ್ತಲ್ಲ, ಅದಕ್ಕೇ ಅಂತ ಮಾತ್ರೆ ಇಲ್ವಾ?”

ಅದೇ ಪ್ರೋಟೀನನ್ನು ತಡೆಯುವ ಮಾತ್ರೆಗಳು ಕೆಲವು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಫಲ ಕೊಡುತ್ತವೆ. ಈ ಗಡ್ಡೆ ಅವಕ್ಕೆ ಬಗ್ಗುವುದಿಲ್ಲ. ಒಂದು ದಾರಿ ಮುಚ್ಚಿದರೆ ಸಂಕೇತ ಇನ್ನೊಂದು ದಾರಿ ಹಿಡಿಯುತ್ತದೆ. ಹಾಗೆಂದು ಹೇಳಿದೆ. ಅವರು ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ರೇಡಿಯೇಷನ್, ಕೀಮೋ ಮುಗಿಸಿ ಸುಜಾತಾ ಕೆಲವು ತಿಂಗಳು ಮತ್ತೆ ಹೊಲಿಗೆ ಮಿಷನ್ ಮುಂದೆ ಕೂತಳು. ಆಮೇಲೆ ಗಡ್ಡೆ ಮತ್ತೆ ಬೆಳೆಯಿತು. ಕೊನೆಯ ವಾರಗಳಲ್ಲಿ ಅವರ ಮನೆಗೆ ಹೋಗಿದ್ದೆ. ಮಲಗಿದ್ದ ಸುಜಾತಾ ತನ್ನ ಎಡಗೈಯನ್ನೇ ದಿಟ್ಟಿಸಿ ಬೆದರಿದಳು. ಅದು ತನ್ನದೆಂಬುದನ್ನೇ ಅವಳ ಮೆದುಳು ಮರೆತಿತ್ತು.

“ಅಕ್ಕಾ, ಇದ್ಯಾರ ಕೈ?”

“ನಂದು ಕಣೇ. ಮಲಕ್ಕೋ,” ಎಂದು ಗಿರಿಜಮ್ಮ ಆ ಕೈಯನ್ನು ತಮ್ಮ ಮಡಿಲಿಗೆಳೆದುಕೊಂಡರು.

ಸುಜಾತಾ ಉಳಿಯಲಿಲ್ಲ. ರೋಗದ ಕಾರಣ ತಿಳಿದರೆ ಅರ್ಧ ಗೆದ್ದಂತೆ ಎಂದು ನಂಬಿ ನಾನು ಈ ವೃತ್ತಿಗೆ ಬಂದಿದ್ದೆ. ಕಾರಣವೆಲ್ಲ ತಿಳಿದ ಮೇಲೂ ಕೈಕಟ್ಟಿ ನಿಲ್ಲಬೇಕಾಗುತ್ತದೆ ಎಂಬುದನ್ನು ವೃತ್ತಿಯೇ ಕಲಿಸಿತು.