ನೆಂಟರು ಹೋಗುವ ತನಕ

೧೯೭೯ರ ಮಾರ್ಚ್, ಒಂದು ಶನಿವಾರ, ಬೆಳಿಗ್ಗೆ ಎಂಟೂವರೆ. ಸ್ಥಳ: ಕಾಪು ಪೇಟೆಯಿಂದ ಒಳಗೆ, ಮಲ್ಲಿಗೆ ಬೆಳೆಯುವ ಒಂದು ಮನೆಯ ಜಗಲಿ. ಹಾಜರಿದ್ದವರು: ಮನೆಯ ಅಜ್ಜಿ, ಅವರ ಮಗಳು, ಆ ಮಗಳ ಮೂರು ವರ್ಷದ ಹೆಣ್ಣುಮಗು, ಮಣಿಪಾಲದಿಂದ ಬಂದ ನಮ್ಮ ಮೇಡಂ, ಮತ್ತು ನಾನು.

ಇಷ್ಟನ್ನು ಬರೆದುಕೊಳ್ಳದೆ ಕೆಲಸಕ್ಕೆ ಕೈಹಾಕಿದವಳಲ್ಲ ನಾನು. ಕಾರ್ಕಳದ ನಮ್ಮ ಮನೆಯಲ್ಲಿ ತಲೆ ಬಾಚಿಕೊಳ್ಳುವುದಕ್ಕೂ ಗಂಟೆ ನಿಗದಿಯಾಗಿತ್ತು.

ಮೇಡಂ ಆಗ ಸಣ್ಣ ಮಕ್ಕಳ ಬೆಳವಣಿಗೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಯಾವ ವಯಸ್ಸಿನಲ್ಲಿ ಮಗು ಏನು ಮಾಡುತ್ತದೆ, ಏನು ಮಾತಾಡುತ್ತದೆ, ಮನೆಯವರು ಅದನ್ನು ಹೇಗೆ ಮಾತಾಡಿಸುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ನೋಡುವುದು. ಅವರು ಮೈಸೂರು ಕಡೆಯವರು, ತುಳು ಬಾರದು. ಅದಕ್ಕೇ ನನಗೆ ಸಹಾಯಕಿಯ ಕೆಲಸ ಸಿಕ್ಕಿದ್ದು. ನಾನು ತುಳುವಿನಲ್ಲಿ ಕೇಳುವುದು, ಮಗು ಹೇಳಿದ್ದನ್ನು ಕನ್ನಡದಲ್ಲಿ ಒಪ್ಪಿಸುವುದು. ಇಲ್ಲಿಯೂ ಅದನ್ನೇ ಮಾಡುತ್ತೇನೆ.

ಮಗು ಚಾಪೆಯ ಮೇಲೆ ಕೈ ಕಟ್ಟಿ ಕೂತಿತ್ತು. ಅಜ್ಜಿ ದನಕ್ಕೆ ಹುಲ್ಲು ಹಾಕಲು ಎದ್ದುಹೋದರು. ನಾನು ಕನ್ನಡಕ ಸರಿಮಾಡಿಕೊಂಡು ತಗಡಿನ ಪೆಟ್ಟಿಗೆಯಿಂದ ಮರದ ತುಂಡುಗಳನ್ನು ತೆಗೆದು ಕೊಟ್ಟೆ. ಚಕಚಕನೆ ಗೋಪುರ ಕಟ್ಟಿ ಮತ್ತೆ ಕೈ ಕಟ್ಟಿತು. ಕೆಂಪು ಚೆಂಡು ಯಾವುದು ಎಂದರೆ ಬೆರಳು ತೋರಿಸಿತು. ಗಂಟೆ ಆಡಿಸಿ, ಇದು ಎಂತ ಎಂದು ಕೇಳಿದೆ. ಸದ್ದಿಲ್ಲ. ದನದ ಚಿತ್ರ, ದೋಣಿಯ ಚಿತ್ರ, ಕಾಗೆಯ ಚಿತ್ರ. ಸದ್ದಿಲ್ಲ.

"ಮನೆಯಲ್ಲಿ ಇವಳ ಬಾಯಿ ನಿಲ್ಲುವುದೇ ಇಲ್ಲ ಮೇಡಂ," ಎಂದಳು ತಾಯಿ.

"ನಾವು ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯಬೇಕಮ್ಮ. ಮೂರು ವರ್ಷಕ್ಕೂ ಮಾತಿಲ್ಲದಿದ್ದರೆ ಆಸ್ಪತ್ರೆಗೆ ಚೀಟಿ ಕೊಡಬೇಕು. ಒಮ್ಮೆ ತೋರಿಸಿಕೊಂಡು ಬನ್ನಿ."

ತಾಯಿಯ ಮುಖ ಬಾಡಿತು. ಗಂಡ ಬೊಂಬಾಯಿಯಲ್ಲಿ. ಅವನ ತಂಗಿ ಬಂದಾಗಲೆಲ್ಲ ಮಗುವನ್ನು ನೋಡಿ "ಇದು ಮೂಗಿಯೇ" ಎಂದು ಹೇಳಿ ಹೋಗುತ್ತಾಳಂತೆ. ಈಗ ಆಸ್ಪತ್ರೆಯ ಚೀಟಿಯೂ ಬಂದರೆ ಆ ಮಾತಿಗೆ ಮೊಹರು ಬಿದ್ದ ಹಾಗೆ. "ಇನ್ನೊಂದು ಸಲ ಕೇಳಿ ಅಕ್ಕಾ," ಎಂದು ನನ್ನ ಕೈ ಹಿಡಿದಳು. ಕೇಳಿದೆ. ಸದ್ದಿಲ್ಲ.

ಹೊರಟೆವು. ಅಂಗಳದ ಕೊನೆಗೆ ಬೇಲಿಯ ತಡಮೆ ದಾಟಿ, ಒಣ ತೆಂಗಿನ ಮಡಲಿನ ರಾಶಿಯ ಹತ್ತಿರ ಬಂದಿದ್ದೆವಷ್ಟೆ. ಜಗಲಿಯಿಂದ ಗಿಣಿಯಂಥ ಒಂದು ಸ್ವರ ಕೇಳಿತು.

"ಅಜ್ಜೀ, ಅವರು ಹೋದ್ರಾ? ಆ ಕನ್ನಡಕದ ಅಕ್ಕನಿಗೆ ಕೆಂಪು ಯಾವುದು ಅಂತ ಗೊತ್ತಿಲ್ಲವಾ? ಕಾಗೆಯೂ ಗೊತ್ತಿಲ್ಲವಾ? ಅವರ ಗಂಟೆ ಎಂತಕ್ಕೂ ಆಗುವುದಿಲ್ಲ. ನಮ್ಮ ದನದ್ದೇ ಒಳ್ಳೆದುಂಟು."

ಮೇಡಂ ನನ್ನ ತೋಳು ಹಿಡಿದೆಳೆದು ಮಡಲಿನ ಹಿಂದೆ ಕುಕ್ಕರಿಸಿದರು. "ಏನಂತೆ? ಏನಂತೆ?"

ಪಿಸುದನಿಯಲ್ಲಿ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡರು. ನನಗೂ ಅಷ್ಟೇ. ಶಿಸ್ತಿನಿಂದ ಬೆಳೆದವರಿಗೆ ನಗು ಬಂದರೆ ಕಷ್ಟ, ಹೇಗೆ ನಿಲ್ಲಿಸುವುದೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಮಡಲು ಅಲುಗಿತು, ಮನೆಯ ನಾಯಿ ಓಡಿ ಬಂದು ಬೊಗಳಿತು, ನಾಯಿಯ ಹಿಂದೆ ಮಗು ಬಂತು. ಕುಕ್ಕರಗಾಲಲ್ಲಿದ್ದ ನಮ್ಮಿಬ್ಬರನ್ನು ನೋಡಿತು. ನೆಟ್ಟಗೆ ನಿಂತು ಕೈ ಕಟ್ಟಿ ಬಾಯಿ ಮುಚ್ಚಿತು.

ಆಗ ಅಜ್ಜಿ ಬಂದು ವಿಷಯ ಹೇಳಿದರು. "ಅದು ನಾನು ಕಲಿಸಿದ್ದು. ನೆಂಟರು ಇರುವಷ್ಟು ಹೊತ್ತು ಬಾಯಿ ಬಿಡಬಾರದು, ಕೈ ಕಟ್ಟಿ ಕೂರಬೇಕು ಅಂತ. ಹೇಳಿದ ಹಾಗೆ ಕೇಳ್ತಾಳೆ, ಪಾಪ."

"ಹಾಗಾದರೆ ನನ್ನ ನಾದಿನಿ ಬಂದಾಗಲೂ ಅಷ್ಟೆಯಾ ಅಮ್ಮಾ?" ಎಂದಳು ತಾಯಿ.

"ಅವರು ನೆಂಟರಲ್ಲವಾ ಮತ್ತೆ?"

"ಈಗ ಮಾತಾಡು ಅಂತ ಹೇಳಿಬಿಡಿ ಅಜ್ಜಿ, ಚಿತ್ರದ ಹೆಸರೆಲ್ಲ ಕೇಳಿ ಬರೆದುಕೊಳ್ಳಬೇಕು," ಎಂದರು ಮೇಡಂ.

"ಹೇಗೆ ಹೇಳುವುದು ಟೀಚರ್? ಇವತ್ತು ಬಾಯಿ ಬಿಡು ಅಂದರೆ ನಾಡಿದ್ದು ಮದುವೆಮನೆಯಲ್ಲಿ ಇವಳನ್ನು ಹಿಡಿಯುವವರು ಯಾರು?"

ನನ್ನಮ್ಮನೂ ಇದನ್ನೇ ಹೇಳುತ್ತಿದ್ದರು. ಹಾಕಿದ ನಿಯಮವನ್ನು ಹಾಕಿದವರೇ ಮುರಿದರೆ ಮುಗಿಯಿತು.

ಅಜ್ಜಿಯೇ ದಾರಿ ತೆಗೆದರು. "ನೀವು ನೆಂಟರಲ್ಲ ಅಂತಾದರೆ ಆಯಿತಲ್ಲ. ಬನ್ನಿ, ಹೂ ಕಟ್ಟಿ. ಕೊಯ್ದ ಮೊಗ್ಗೆಲ್ಲ ನಿಮ್ಮಿಂದಾಗಿ ಹಾಗೇ ಉಂಟು. ಹೂವಿನವ ಈಗ ಬರ್ತಾನೆ. ನೆಂಟರ ಕೈಯಲ್ಲಿ ಈ ಮನೆಯಲ್ಲಿ ಯಾರೂ ಕೆಲಸ ಮಾಡಿಸುವುದಿಲ್ಲ, ಅದು ಮಗುವಿಗೂ ಗೊತ್ತುಂಟು."

ಹೀಗೆ ನಾವು ಒದ್ದೆ ಬಾಳೆನಾರು ಹಿಡಿದು ಮಲ್ಲಿಗೆ ಬುಟ್ಟಿಯ ಮುಂದೆ ಕೂತೆವು. ಮೇಡಂ ಹೂ ಮುಡಿದವರೇ ಹೊರತು ಕಟ್ಟಿದವರಲ್ಲ. ಒಂದು ಮೊಗ್ಗಿಗೆ ಗಂಟು ಬಿಗಿದರೆ ಇನ್ನೊಂದು ಜಾರಿ ಬೀಳುತ್ತಿತ್ತು. ನಾರು ಅವರ ಕೈಬಳೆಗೆ ಸುತ್ತಿಕೊಂಡಿತು. ಮಗು ಎದುರಿಗೆ ಬಂದು ಕೂತಿತು. ಕಟ್ಟಿದ ಕೈ ಸಡಿಲವಾಯಿತು. ತುಟಿ ಅಲುಗಿತು. ತಾಯಿ ಬಾಗಿಲ ಬಳಿ ಬಂದು ನಿಂತಳು.

"ಅಜ್ಜೀ," ಎಂದಿತು ಕೊನೆಗೆ, "ಇವರು ನೆಂಟರಾ, ಕೆಲಸದವರಾ?"

"ಕೆಲಸದವರು."

"ಎಂತ ಕೆಲಸ ಇದು ಮಾರಾಯ್ತಿ? ಹೂವಿನ ಕುತ್ತಿಗೆ ಹಿಸುಕಬೇಡಿ. ಅದಕ್ಕೆ ನೋವಾಗುವುದಿಲ್ಲವಾ?"

ಮತ್ತೆ ಅದರ ಮಾತು ನಿಲ್ಲಲೇ ಇಲ್ಲ. ಮೇಡಂ ನಾರಿನಿಂದ ಬಿಡಿಸಿಕೊಳ್ಳುವಂತಿರಲಿಲ್ಲ, ಹಾಗಾಗಿ ಒಂದು ಕೈಯಲ್ಲಿ ಚಿತ್ರ ತೋರಿಸಿ ಇನ್ನೊಂದರಲ್ಲಿ ನಾನೇ ಬರೆದೆ. ದನ ಬರೇ ದನವಲ್ಲ, ಹಾಲು ಕೊಡದೆ ಒದೆಯುವ ದನ. ದೋಣಿಯಲ್ಲಿ ಯಾರೂ ಇಲ್ಲ, ಊಟಕ್ಕೆ ಹೋಗಿದ್ದಾರೆ. ಕಾಗೆ ಪಕ್ಕದ ಮನೆಯದು. ನನ್ನ ಪೆನ್ಸಿಲು ಹಿಂದೆ ಬಿತ್ತು, ಮಾತು ಮುಂದೆ ಓಡಿತು. ತಾಯಿ ಬಾಗಿಲಿಗೆ ಒರಗಿ ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. "ಬರುವ ವಾರ ನಾದಿನಿ ಬರ್ತಾರೆ. ಅವರ ಕೈಯಲ್ಲೂ ಒಂದು ಬುಟ್ಟಿ ಹೂ ಕಟ್ಟಿಸ್ತೇನೆ."

"ಅವಳಾ? ಕಟ್ಟಿದ ಹಾಗೆಯೇ!" ಎಂದರು ಅಜ್ಜಿ.

ಹೂವಿನವನ ಸೈಕಲ್ಲು ಬಂದಾಗ ಮೇಡಂ ಕಟ್ಟಿದ್ದ ಗೇಣುದ್ದದ ಮಾಲೆಯನ್ನು ಅವನು ಎತ್ತಿ ಹಿಡಿದು ನೋಡಿ ಬದಿಗಿಟ್ಟ. ಮಗು ಅದನ್ನು ದನದ ಕೊಂಬಿಗೆ ಕಟ್ಟಲು ಒಯ್ದಿತು.

ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲ ತಲುಪುವಾಗ ಮಧ್ಯಾಹ್ನ. ಆಸ್ಪತ್ರೆಯ ಖಾಲಿ ಚೀಟಿಯನ್ನು ಉಳಿದ ಚೀಟಿಗಳ ಕಟ್ಟಿನಲ್ಲಿ ಸೇರಿಸಿದೆ. ಮರದ ತುಂಡುಗಳನ್ನು ಒರೆಸಿ ಜೋಡಿಸಿದೆ, ಎಂತಕ್ಕೂ ಆಗದ ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಒಂದು ಕಾಲಂ ಉಳಿದಿತ್ತು: ಪರೀಕ್ಷೆಯ ವೇಳೆ ಮನೆಯಲ್ಲಿದ್ದ ಅತಿಥಿಗಳು.

ಮೇಡಂ ಬಳೆಯಿಂದ ಕೊನೆಯ ನಾರು ಬಿಡಿಸಿಕೊಳ್ಳುತ್ತಿದ್ದರು. "ಯಾರೂ ಇರಲಿಲ್ಲ ಅಂತ ಬರೀಮ್ಮ," ಎಂದರು.

ಬರೆದೆ. ಪೆಟ್ಟಿಗೆಗೆ ಚಿಲಕ ಹಾಕಿದೆ.